ಚೌಕಕ್ಕೆ ಹತ್ತು ಹುಳ

“ಬಗ್ಗೇ, ಇನ್ನೂ ಬಗ್ಗು. ಬೇಲಿ ಬುಡದಲ್ಲಿರೋದನ್ನ ನಿಮ್ಮಪ್ಪ ಬಂದು ಹೆಕ್ತಾನಾ? ಒಂದೇ ಒಂದು ಬಾಟ್ಲಿ ಆ ಅಧಿಕಾರಿ ಕಣ್ಣಿಗೆ ಬೀಳ್ಲಿ, ಮುಂಡೇರಾ, ಅದರ ತಳದಲ್ಲಿ ಉಳಿದಿದ್ದನ್ನ ನಿಮ್ಮ ಬಾಯಿಗೇ ಹುಯ್ತೀನಿ.”

ಗುಮಾಸ್ತ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ. ಕೆಳಗೆ ಏಳು ಮಂದಿ ಹೆಂಗಸರು ಮೊಣಕಾಲೂರಿ, ಮುಳ್ಳುಬೇಲಿಯೊಳಗೆ ತಲೆ ತೂರಿಸಿ, ಖಾಲಿ ಔಷಧಿ ಬಾಟಲಿಗಳನ್ನು ಹೆಕ್ಕುತ್ತಿದ್ದರು. ಮೂರು ವರ್ಷದ ಬಾಟಲಿಗಳು. ಮುಚ್ಚಳ ಬೇರೆ, ಬಾಟಲಿ ಬೇರೆ, ತಲೆಬುರುಡೆಯ ಚಿತ್ರವಿದ್ದ ಹಾಳೆ ಬೇರೆ. ಪೊಟ್ಟಣ ಒಡೆಯದೆಯೇ ಎಸೆದಿದ್ದ ರಬ್ಬರಿನ ಕೈಗವಸುಗಳೂ ಸಿಕ್ಕಿದವು. ಅವು ಔಷಧಿ ಹೊಡೆಯುವವರಿಗೆಂದು ಕಂಪನಿಯವರು ಕೊಟ್ಟವು. ಯಾರ ಕೈಗೂ ಏರದೆ ಹಾಗೆಯೇ ಬೇಲಿ ಸೇರಿದ್ದವು.

“ಅಕ್ಕಾ, ಇಲ್ಲಿ ನೋಡು,” ಎಂದಳು ಹುಳದಕ್ಕನ ವಾರಗಿತ್ತಿ, ಒಂದು ಬಾಟಲಿಯ ಮೇಲಿನ ಮಣ್ಣು ಒರೆಸಿ. ಆ ಏಳು ಮಂದಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ಅವಳೊಬ್ಬಳೇ. “ಮಕ್ಕಳ ಕೈಗೆ ಸಿಗದಂತೆ ಇಡಿ ಅಂತ ಬರ್ದಿದಾರೆ. ಹೆಂಗಸರ ಕೈಗೆ ಸಿಕ್ರೆ ಪರವಾಗಿಲ್ವಂತೆ.”

ಹೆಂಗಸರು ಬೇಲಿಯೊಳಗೇ ಕಿಸಕ್ಕನೆ ನಕ್ಕರು. ಗುಮಾಸ್ತ ಒಂದು ಹೆಂಟೆ ಎತ್ತಿ ಎಸೆದ. ಅದು ಯಾರಿಗೂ ತಗಲಲಿಲ್ಲ.

ಸಣ್ಣ ಹಿಡುವಳಿಯಲ್ಲಿ ಔಷಧಿಯಿಲ್ಲದೆ ಬೆಳೆಯುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆಂದು ಗೊತ್ತಾದ ವರ್ಷವೇ ಧಣಿ ಸಣ್ಣ ರೈತನಾಗಿದ್ದ. ಗುಡ್ಡದ ಬುಡದವರೆಗೆ ಹಬ್ಬಿದ್ದ ಭೂಮಿ ಕಾಗದದ ಮೇಲೆ ಚೂರುಚೂರಾಗಿತ್ತು. ಒಂದು ಚೂರು ಹೆಂಡತಿಗೆ, ಎರಡು ಹೆಣ್ಣುಮಕ್ಕಳಿಗೆ, ಒಂದು ಭಾವಮೈದುನನಿಗೆ, ಒಂದು ಡ್ರೈವರಿಗೆ. ಅವರ ಮನೆಯ ನಾಯಿಗೂ ಎರಡು ಎಕರೆ ಇರಬೇಕು, ಅದಕ್ಕೇ ಅದು ನಮ್ಮನ್ನು ಕಂಡರೆ ಹಾಗೆ ಬೊಗಳುವುದು ಎಂದು ವಾರಗಿತ್ತಿ ಹೇಳುತ್ತಿದ್ದಳು. ಗೇಟಿನ ಬಳಿ ಹಸಿರು ಎಲೆಯ ಚಿತ್ರದ ಬೋರ್ಡು ನಿಂತಿತ್ತು. ಔಷಧಿ ಹೊಡೆಯುವುದೇನೂ ನಿಂತಿರಲಿಲ್ಲ. ಮೊದಲು ಬಿಸಿಲೇರಿದ ಮೇಲೆ ಹೊಡೆಸುತ್ತಿದ್ದುದನ್ನು ಈಗ ಬೆಳಕು ಹರಿಯುವ ಮೊದಲೇ ಹೊಡೆಸಿ ಮುಗಿಸುತ್ತಿದ್ದರು. ಅಷ್ಟೇ.

ಧಣಿ ಜೀಪಿನಿಂದಿಳಿದು ಬಂದ. ಟೊಮೆಟೊ ಸಾಲಿನ ನಡುವೆ ನಿಂತು ಬೂಟಿನ ತುದಿಯಿಂದ ಮಣ್ಣು ಕೆದಕಿದ. ಮಣ್ಣು ಬೂದಿಯಂತೆ ಹಾರಿತು.

“ಈ ಸಲ ಬರೋನು ಹೊಸಬ,” ಎಂದ, ಗುಮಾಸ್ತನಿಗೆ. “ಕಾಗದ ಮಾತ್ರ ನೋಡೋನಲ್ಲ. ಹೊಲದಲ್ಲಿ ಚೌಕ ಹಾಕಿ ಅಗೆಸ್ತಾನಂತೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ. ಅದರೊಳಗೆ ಹತ್ತು ಎರೆಹುಳ ಇದ್ರೆ ಪಾಸು. ಇಲ್ದಿದ್ರೆ ಮೂರು ವರ್ಷದ್ದೂ ಹೋಯ್ತು.”

ಬೇಲಿಯೊಳಗಿನ ಹೆಂಗಸರು ತಲೆ ಹೊರಗೆಳೆದು ನೋಡಿದರು. ಆ ನೆಲದ ಕಳೆಯನ್ನು ಬೆರಳಲ್ಲಿ ಕಿತ್ತವರು ಅವರು. ಅಲ್ಲಿ ಒಂದು ಹುಳ ಕಂಡು ಎಷ್ಟು ವರ್ಷವಾಯಿತೆಂದು ಅವರಿಗೆ ಗೊತ್ತಿತ್ತು.

“ಹುಳದವಳು ಎಲ್ಲೇ?”

ವಾರಗಿತ್ತಿಯ ಪಕ್ಕದಲ್ಲಿದ್ದವಳು ಎದ್ದು ನಿಂತಳು. ಕೂದಲಲ್ಲಿ ಮುಳ್ಳಿನ ಕಡ್ಡಿ ಸಿಕ್ಕಿಕೊಂಡಿತ್ತು. ಓಣಿಯಲ್ಲಿ ಎಲ್ಲರೂ ಅವಳನ್ನು ಹುಳದಕ್ಕ ಎಂದೇ ಕರೆಯುತ್ತಿದ್ದರು. ಚರಂಡಿಯ ಪಕ್ಕದ ಕಾಲು ಎಕರೆ ತುಂಡನ್ನು ಎಂಟು ವರ್ಷದಿಂದ ಅವಳು ಉಳುತ್ತಿದ್ದಳು. ಗಂಡ ಧಣಿಯ ಹೊಲಕ್ಕೆ ಔಷಧಿ ಹೊಡೆಯುವ ಆಳಾಗಿದ್ದ. ಹದಿನಾಲ್ಕು ವರ್ಷ ಬೆನ್ನ ಮೇಲೆ ಪಂಪು ಹೊತ್ತು, ಕೊನೆಗೆ ಕೈ ನಡುಗಲು ಶುರುವಾಗಿ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರದವನಾದಾಗ, ಧಣಿ ಆ ತುಂಡನ್ನು ಬಾಯಿಮಾತಿನಲ್ಲಿ ಗೇಣಿಗೆ ಕೊಟ್ಟಿದ್ದ. ಬೆಳೆದದ್ದರಲ್ಲಿ ಅರ್ಧ ಧಣಿಯ ಅಡುಗೆಮನೆಗೆ. ಕಲ್ಲು, ಗಾಜಿನ ಚೂರು, ಚರಂಡಿಯ ಹೂಳು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಅವಳು ಸಂತೆಮಾಳದ ಕೊಳೆತ ಸೊಪ್ಪು ಹೊತ್ತು ತಂದಳು, ರಸ್ತೆಯ ಸಗಣಿ ಬಾಚಿ ತಂದಳು, ಉದುರಿದ ಎಲೆ, ಒಲೆಯ ಬೂದಿ, ಹರಿದ ಹತ್ತಿಯ ಬಟ್ಟೆಯನ್ನೂ ಹೂತಳು. ಒಂದು ಹನಿ ಔಷಧಿ ಹಾಕಲಿಲ್ಲ. ಅದೇನೂ ದೊಡ್ಡ ತತ್ವವಾಗಿರಲಿಲ್ಲ. ಅವಳಿಗೆ ಆ ವಾಸನೆ ಆಗುತ್ತಿರಲಿಲ್ಲ. ಹದಿನಾಲ್ಕು ವರ್ಷ ಅದೇ ವಾಸನೆಯ ಬೆನ್ನಿನ ಪಕ್ಕ ಮಲಗಿದವಳು, ಇನ್ನು ತನ್ನ ಪಾಲಿಗೆ ಬಂದ ನೆಲದಿಂದಲೂ ಅದೇ ಬರುವುದು ಬೇಡ ಎಂದುಕೊಂಡಿದ್ದಳು. ಮೂರನೇ ವರ್ಷಕ್ಕೆ ಹುಳ ಬಂದವು.

“ನಿನ್ನ ತುಂಡಲ್ಲಿ ಹುಳ ಬುಳುಬುಳು ಅಂತಾವಂತೆ,” ಎಂದ ಧಣಿ. “ನಾಳೆ ಅಗೆದು ಬಕೆಟ್ಟಿಗೆ ತುಂಬು. ನಾಡಿದ್ದು ಬೆಳಿಗ್ಗೆ ಅವನು ಬರೋದ್ರೊಳಗೆ ಈ ಸಾಲಲ್ಲಿ ಹುಳ ಇರ್ಬೇಕು.”

“ಧಣೀ, ಹುಳ ತೆಗೆದ್ರೆ ನನ್ನ ಮಣ್ಣು—”

“ಏನಂದೆ?” ಧಣಿ ಗುಮಾಸ್ತನ ಕಡೆ ತಿರುಗಿದ. “ಕೇಳಿದೇನೋ? ಇವಳ ಮಣ್ಣಂತೆ. ಸತ್ತಾಗ ಬಾಯಿಗೆ ಹಾಕೋಕೂ ನಿನ್ನದು ಅಂತ ಒಂದು ಹಿಡಿ ಇಲ್ಲ, ಲೌಡಿ, ನನ್ನ ಮಣ್ಣು ಅಂತೀಯಾ? ಹುಳಕ್ಕೂ ಪಟ್ಟಾ ಮಾಡಿಸ್ಕೊಂಡಿದೀಯಾ ಹೇಗೆ?”

ಗುಮಾಸ್ತ ಕೊಡೆ ಅಲುಗುವಂತೆ ನಕ್ಕ. ಅವಳು ಕೂದಲಿನ ಮುಳ್ಳು ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಪಾಸಾದ್ರೆ ಇನ್ನೂ ಮೂರು ವರ್ಷ ಆ ತುಂಡು ನೀನೇ ಮಾಡ್ಕೋ,” ಎಂದ ಧಣಿ, ದನಿ ತಗ್ಗಿಸಿ. “ಆಗ್ಲಿಲ್ವೋ, ಗಂಡನ್ನ ಬೆನ್ನಿಗೆ ಕಟ್ಕೊಂಡು ಎಲ್ಲಾದ್ರೂ ಹೋಗ್ತಿರು.”

ಮನೆ ಎಂದರೆ ಒಂದು ಕೋಣೆ. ಮೇಲೆ ತಗಡು, ಹಿಂದೆ ಅಂಗೈಯಗಲದ ಕಿಟಕಿ. ಗಂಡ ಹೊಸ್ತಿಲಲ್ಲಿ ಕೂತಿದ್ದ. ಲೋಟ ಹಿಡಿದರೆ ಚೆಲ್ಲುತ್ತದೆಂದು ಅವಳು ಅವನಿಗೆ ಅಗಲ ಬಾಯಿಯ ಬಟ್ಟಲಲ್ಲಿ ಚಹಾ ಕೊಡುತ್ತಿದ್ದಳು. ಅವನು ಅದನ್ನು ನೆಲದ ಮೇಲಿಟ್ಟು, ಬಗ್ಗಿ, ತುಟಿ ಹಚ್ಚಿ ಹೀರುತ್ತಿದ್ದ. ಹೊರಗಿನವರು ಬಂದಾಗ ಮಾತ್ರ ಕುಡಿಯುತ್ತಿರಲಿಲ್ಲ, ಬಾಯಾರಿಕೆಯಿಲ್ಲ ಎನ್ನುತ್ತಿದ್ದ.

ಅವಳು ನಡೆದದ್ದನ್ನು ಹೇಳಿದಾಗ ಅವನು ಬಟ್ಟಲಿನಿಂದ ಮುಖ ಎತ್ತಿ ನಕ್ಕ.

“ಹುಳ ಅಲ್ಲಿ ನಿಲ್ಲಲ್ಲ ಕಣೆ. ಹೋದ ವಾರ ತಾನೇ ಹೊಡ್ಸಿದಾರೆ. ನಂಗೆ ಇಲ್ಲಿಗೇ ವಾಸನೆ ಬಂತು.”

“ನಿಲ್ಲಲ್ಲ ಅಂದ್ರೆ?”

“ನಾನೇ ನೋಡಿದೀನಲ್ಲ. ಮೊದಮೊದಲು ಹೊಡೀವಾಗ ಇನ್ನೂ ಹುಳ ಇದ್ವು ಅಲ್ಲಿ. ಹಗಲು ಹೊಡೆದು ಬಂದ್ರೆ ಮರುದಿನ ಬೆಳಿಗ್ಗೆ ಹೊತ್ತಿಗೆ ಎಲ್ಲಾ ಮೇಲೆ. ಮೈ ಸುಟ್ಟವರ ಹಾಗೆ ಹೊರಳಾಡ್ತಿದ್ವು. ಆಮೇಲೆ ಬೆಳ್ಳಗಾಗಿ ಬಿದ್ಕೋತಿದ್ವು.” ಅವನು ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡ. “ಒಂದು ಗಂಟೆ, ಹೆಚ್ಚಂದ್ರೆ ಎರಡು ಗಂಟೆ ತಡೀತವೆ. ಅದಕ್ಕೇ ಹೇಳ್ತೀನಿ ಕೇಳು. ಮುಂಚೆ ಬಿಡ್ಬೇಡ. ಜೀಪಿನ ಸದ್ದು ಕೇಳಿಸ್ಬೇಕು, ಆಗ ಬಿಡು. ಬಿಟ್ಟು ಮೇಲೆ ತೇವದ ಸೊಪ್ಪು ಮುಚ್ಚು. ನಾನಿದೀನಲ್ಲ, ಬಂದು ತೋರಿಸ್ಲಾ?”

ಅವನ ಮುಖ ಬೆಳಗಿತ್ತು. ಎಂಟು ವರ್ಷದಲ್ಲಿ ಅವನಿಗೆ ಗೊತ್ತಿರುವುದೊಂದು ಯಾರಿಗಾದರೂ ಬೇಕಾಗಿದ್ದು ಇದೇ ಮೊದಲು. ಅದು ಇದಾಗಬೇಕಾಯಿತಲ್ಲ ಎಂದುಕೊಂಡಳು. ಅವಳು ಈ ಗಂಡಸನ್ನು ಪ್ರೀತಿಸಿದಳೋ ಇಲ್ಲವೋ ಎಂದು ಯಾವತ್ತೂ ಯೋಚಿಸಿರಲಿಲ್ಲ. ಅದಕ್ಕೆ ಪುರುಸೊತ್ತೂ ಸಿಕ್ಕಿರಲಿಲ್ಲ. ಅವನ ಅಂಗಿಯ ಗುಂಡಿ ಹಾಕುವಾಗ ಬೆರಳು ಅವನ ಎದೆಗೆ ತಾಗಿ, ಒಳಗೊಂದು ಹಕ್ಕಿ ಸಿಕ್ಕಿಕೊಂಡಂತೆ ನಡುಗುವುದು ತಿಳಿಯುತ್ತಿತ್ತು. ಆಗ ಒಂದು ಕ್ಷಣ ಕೈ ಅಲ್ಲೇ ಇಡುತ್ತಿದ್ದಳು. ಅಷ್ಟು ಅವಳಿಗೆ ಗೊತ್ತು.

“ಮೂರು ವರ್ಷ ಅಂದ್ರೆ ಸಾಕು,” ಎಂದ ಅವನು. “ಅಷ್ಟೊತ್ತಿಗೆ ನಾನೂ ಹೋಗಿರ್ತೀನಿ.”

“ದಿನ ಗೊತ್ತು ಮಾಡ್ಕೊಂಡು ಬಂದಿದೀಯಾ? ಸುಮ್ನೆ ಕುಡಿ. ಆರ್ತಿದೆ.”

ಮರುದಿನ ಬೆಳಿಗ್ಗೆ ಅವಳೂ ವಾರಗಿತ್ತಿಯೂ ತುಂಡಿಗೆ ಇಳಿದರು. ಗುದ್ದಲಿ ಹಾಕಿದರೆ ಹುಳ ತುಂಡಾಗುತ್ತವೆಂದು ಕೈಯಿಂದಲೇ ಮಣ್ಣು ಬಿಡಿಸಿದರು. ಹುರುಳಿಕಾಯಿಯ ಬಳ್ಳಿಯ ಬುಡದಲ್ಲಿ ಮಣ್ಣು ಕಪ್ಪಗೆ, ತಣ್ಣಗೆ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಂತಿತ್ತು. ಮಳೆಯ ಮೊದಲ ವಾಸನೆ ವರ್ಷವಿಡೀ ಇರುತ್ತಿದ್ದ ಜಾಗ ಅದು. ಹುಳ ಬೆರಳ ಸಂದಿಯಲ್ಲಿ ನುಸುಳಿ ಮತ್ತೆ ಮಣ್ಣಿಗೇ ಇಳಿಯಲು ನೋಡುತ್ತಿದ್ದವು. ಅವಳು ಒಂದೊಂದನ್ನೇ ಎತ್ತಿ ತೇವದ ಎಲೆ ಹಾಸಿದ ಬಕೆಟ್ಟಿಗೆ ಬಿಟ್ಟಳು.

“ಬೀಗರ ಮನೆಗೆ ಕಳಿಸ್ದಂಗೆ ಕಳಿಸ್ತಿದೀಯಲ್ಲೇ,” ಎಂದಳು ವಾರಗಿತ್ತಿ. “ಅಳು ಒಂದು ಬಾಕಿ.”

“ನೀನು ಅಳು. ನಂಗೆ ಕೆಲಸ ಇದೆ.”

“ಈ ಗಂಡಸರಿಗೂ ಹೀಗೇ ಚೌಕ ಹಾಕಿ ಅಗೆದು ನೋಡೋ ಸಾಹೇಬ ಒಬ್ಬ ಬಂದಿದ್ರೆ. ಒಬ್ಬನೂ ಪಾಸಾಗ್ತಿರ್ಲಿಲ್ಲ.”

ಹುಳದಕ್ಕ ನಕ್ಕಳು. ನಗುತ್ತಲೇ ಅವಳಿಗೆ ತಾನು ಇದುವರೆಗೆ ಎಷ್ಟೋ ಕೊಟ್ಟಿದ್ದೇನೆ ಎನಿಸಿತು. ಬೆಳೆಯಲ್ಲಿ ಅರ್ಧ, ಬೆನ್ನು, ಗಂಡನ ಕೈ. ಅವೆಲ್ಲ ಹೋಗುವಾಗ ಹೀಗಾಗಿರಲಿಲ್ಲ. ಅವು ಇರುವಾಗಲೇ ಬೇರೆಯವರದಾಗಿದ್ದವೇನೋ. ಹುಳ ಮಾತ್ರ ಯಾರೂ ಕೊಟ್ಟದ್ದಲ್ಲ, ಯಾರನ್ನೂ ಕೇಳಿ ಬಂದದ್ದಲ್ಲ. ಅವಳು ಮಾಡಿದ್ದನ್ನು ನೋಡಿ ತಾವಾಗಿ ಬಂದಿದ್ದವು.

ಮಧ್ಯಾಹ್ನ ಕಳೆದ ಮೇಲೆ ನಾಲ್ಕು ಬಕೆಟ್ಟು ಹೊತ್ತು ಧಣಿಯ ಮನೆಯ ಹಿಂದಿನ ಜಗಲಿಗೆ ಹೋದರು. ಗುಮಾಸ್ತ ಮೇಜಿನ ಮೇಲೆ ಫೈಲು ಹರಡಿಕೊಂಡಿದ್ದ. ಹುಳದಕ್ಕನನ್ನು ಕಂಡು ಶಾಯಿಯ ಡಬ್ಬಿ ಮುಂದೆ ತಳ್ಳಿದ.

“ಬಾ, ಒತ್ತು ಇಲ್ಲಿ. ಕೈ ತೊಳ್ಕೊಂಡು ಒತ್ತು, ಕತ್ತೆ. ಸರ್ಕಾರಿ ಕಾಗದ ಅದು.”

“ಏನಿದು?”

“ನಿಂಗೆ ಓದಿ ಹೇಳೋಕೆ ನಾನೇನು ಮೇಷ್ಟ್ರಾ?”

ಅವಳು ಕೈ ತೊಳೆದು ಬಂದು ಹಾಳೆಯ ಮೇಲೆ ಬಗ್ಗಿದಳು. ವಾರಗಿತ್ತಿಯೂ ಅವಳ ಭುಜದ ಮೇಲಿಂದ ಬಗ್ಗಿದಳು. ಅವಳ ತುಟಿ ಅಕ್ಷರದ ಹಿಂದೆ ಹಿಂದೆ ನಿಧಾನಕ್ಕೆ ಆಡಿ, ತಟ್ಟನೆ ನಿಂತಿತು.

“ಅಕ್ಕಾ. ನಿನ್ನ ತುಂಡಿನ ನಂಬರಿದು. ಸಣ್ಣ ರೈತ ಅನ್ನೋ ಕಡೆ ಧಣಿ ಅಳಿಯನ ಹೆಸರಿದೆ. ನಿನ್ನ ಹೆಸರು ಕೆಳಗೆ, ಕೂಲಿ ಅನ್ನೋ ಕಡೆ.” ಅವಳು ಇನ್ನೂ ಒಂದು ಸಾಲು ಓದಿದಳು. “ಎರೆಗೊಬ್ಬರ ಘಟಕ. ಸಿಮೆಂಟಿನ ನೆಲ, ಮೇಲೆ ಶೀಟು. ಅದು ನಿನ್ನ ತುಂಡಿನ ಮೇಲೇ ಬರುತ್ತೆ.”

“ಓದು ಬಂದ ಹೆಂಗಸು ಮನೆಗೆ ಮಾರಿ,” ಎಂದು ಗುಮಾಸ್ತ ಹಾಳೆ ಎಳೆದುಕೊಂಡ. ಆದರೆ ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. “ಹೂಂ, ಶೆಡ್ಡು ಬರುತ್ತೆ. ಪಾಸಾದ ತಿಂಗಳೊಳಗೆ ಕಟ್ಬೇಕು, ಅದಕ್ಕೂ ಸರ್ಕಾರ ಕೊಡುತ್ತೆ. ಒಳ್ಳೇ ಜಾಗ, ರಸ್ತೆಗೂ ಹತ್ರ.”

“ಮೂರು ವರ್ಷ ಅಂದ್ರಲ್ಲ ಧಣಿ,” ಎಂದಳು ಹುಳದಕ್ಕ.

“ಅಂದಿರ್ತಾರೆ. ಬಾಯಿ ಅವರದ್ದು.”

“ಪಾಸಾಗ್ದಿದ್ರೆ?”

“ಪಾಸಾಗ್ದಿದ್ರೆ ಶೆಡ್ಡು ಎಲ್ಲಿಂದ ಬರುತ್ತೆ, ನಿನ್ನ ತಲೆ ಮೇಲೆ ಕಟ್ತಾರಾ? ಒತ್ತೇ ಬೇಗ.”

ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿಯನ್ನು ಗೋಡೆಗೆ ಒರೆಸಬೇಡ ಎಂದು ಅವನು ಬೈದ. ಬಟ್ಟೆಗೆ ಒರೆಸಿಕೊಂಡಳು. ಆ ಹೊತ್ತಿನಲ್ಲಿ ಅವಳ ತಲೆಯೊಳಗೆ ಅಳುವಾಗಲಿ ಸಿಟ್ಟಾಗಲಿ ಇರಲಿಲ್ಲ. ಮುಂಚೆ ಬಿಡ್ಬೇಡ ಎಂದು ಗಂಡ ಹೇಳಿದ ಮಾತೊಂದೇ, ಅವನದೇ ದನಿಯಲ್ಲಿ, ಹಿಂದುಮುಂದಾಗಿ ತಿರುಗುತ್ತಿತ್ತು.

“ಸ್ವಾಮೀ,” ಎಂದಳು, “ಹುಳ ಇವತ್ತೇ ಬಿಟ್ಬಿಡ್ಬೇಕು.”

“ನಾಳೆ ಬೆಳಿಗ್ಗೆ ಅಂದಿದಾರಲ್ಲ.”

“ಬರೋದ್ರೊಳಗೆ ಅಂದಿದಾರೆ. ಬೆಳಿಗ್ಗೆ ಬಿಟ್ರೆ ಮೇಲೆಮೇಲೇ ಇರ್ತವೆ, ಈಗ ತಂದು ಹಾಕಿದ್ದು ಅಂತ ಗೊತ್ತಾಗುತ್ತೆ. ಒಂದು ರಾತ್ರಿ ಮಣ್ಣಿಗೆ ಹೊಂದ್ಕೋಬೇಕು. ಸಸಿ ಕಿತ್ತು ನೆಟ್ಟ ಮೇಲೆ ಬಿಡ್ತೀವಲ್ಲ, ಹಾಗೆ.”

ಗುಮಾಸ್ತ ಇಪ್ಪತ್ತೆರಡು ವರ್ಷ ಆ ಭೂಮಿಯ ಲೆಕ್ಕ ಬರೆದವನು. ಒಂದು ದಿನವೂ ಅದಕ್ಕೆ ಕೈ ಹಾಕಿದವನಲ್ಲ. ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು ಯೋಚಿಸಿದ.

“ಹೌದಲ್ವಾ,” ಎಂದ. “ಒಂದೊಂದ್ಸಲ ನಿಂಗೂ ತಲೆ ಓಡುತ್ತೆ. ಹೋಗು, ಬಿಟ್ಟು ಬಾ.”

ದಾರಿಯಲ್ಲಿ ವಾರಗಿತ್ತಿ ಅವಳ ಮುಖ ನೋಡಿದಳು. ಹುಳದಕ್ಕನ ಗಂಡ ಹೊಸ್ತಿಲಲ್ಲಿ ಕೂತು ಬೆಳಿಗ್ಗೆ ವಾರಗಿತ್ತಿಗೂ ಅದೇ ಬುದ್ಧಿ ಹೇಳಿದ್ದ. ಜೀಪಿನ ಸದ್ದು, ತೇವದ ಸೊಪ್ಪು. ಅವಳು ಏನೋ ಕೇಳಲು ಬಾಯಿ ತೆರೆದವಳು ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಮುಂದೆ ನಡೆದಳು.

ಬಿಸಿಲಿನ್ನೂ ಇತ್ತು. ಟೊಮೆಟೊ ಸಾಲುಗಳ ನಡುವೆ ಗುಳಿ ತೋಡಿ ಅವಳು ಹುಳ ಬಿಟ್ಟಳು. ಅವು ಒಳಗೆ ಇಳಿಯಲಿಲ್ಲ. ತಲೆಯನ್ನು ಮಣ್ಣಿಗೆ ತಾಗಿಸಿ, ಹಿಂದಕ್ಕೆ ಸೆಳೆದುಕೊಂಡು, ಒಂದರ ಮೇಲೊಂದು ಏರಿ, ಅವಳ ಕೈಯ ಕಡೆಗೇ ತಿರುಗಿ ಬಂದವು. ಗಂಡ ಬಟ್ಟಲಿನ ಚಹಾಕ್ಕೆ ತುಟಿ ಹಚ್ಚುವಂತೆ ಅವಳು ಬಗ್ಗಿ, ಉಸಿರು ಹಿಡಿದು, ಒಂದೊಂದನ್ನೇ ಬೆರಳಿಂದ ಒಳಗೆ ಒತ್ತಿದಳು. ಮಣ್ಣು ಎಳೆದಳು. ಮತ್ತೊಂದು ಗುಳಿ. ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಂತೆ ಇರಲು ಅವಳು ಯತ್ನಿಸಲಿಲ್ಲ. ಸತ್ತಾದರೂ ಇವು ಸುಳ್ಳು ಹೇಳಲಾರವು ಎಂದುಕೊಂಡಳು. ನಾಲ್ಕು ಬಕೆಟ್ಟೂ ಖಾಲಿಯಾದಾಗ ಬೆರಳುಗಳು ಉರಿಯುತ್ತಿದ್ದವು.

ಮನೆಗೆ ಹೋದಾಗ ಗಂಡ ಕೇಳಿದ, “ಬಕೆಟ್ಟು ಎಲ್ಲಿ?”

“ಧಣಿ ಮನೆಯಲ್ಲಿ.”

“ಮೇಲೆ ಸೊಪ್ಪು ಮುಚ್ಚಿದೀಯ ತಾನೇ?”

“ಮುಚ್ಚಿದೀನಿ,” ಎಂದಳು.

ಬೆಳಿಗ್ಗೆ ಹೆಂಗಸರು ಹೊಲ ತಲುಪುವ ಮೊದಲೇ ಕಾಗೆಗಳು ತಲುಪಿದ್ದವು. ಸಾಲುಗಳುದ್ದಕ್ಕೂ ಹುಳ ಮೇಲೆ ಬಂದು ಬಿದ್ದಿದ್ದವು. ಕೆಲವು ಸುರುಳಿ ಸುತ್ತಿ, ಕೆಲವು ನೆಟ್ಟಗೆ, ಎಲ್ಲವೂ ಬೇಯಿಸಿದ ಹಾಗೆ ಬೆಳ್ಳಗೆ. ಇರುವೆ ಮುತ್ತಿದ್ದವು. ಗುಮಾಸ್ತ ಚಪ್ಪಲಿ ಕಾಲಲ್ಲಿ ಮಣ್ಣು ಎಳೆದು ಮುಚ್ಚಲು ನೋಡುತ್ತಿದ್ದ. ಧಣಿ ಅವನ ಕುತ್ತಿಗೆಪಟ್ಟಿ ಹಿಡಿದಿದ್ದ. ಅಷ್ಟರಲ್ಲಿ ಗೇಟಿನ ಬಳಿ ಅಧಿಕಾರಿಯ ಜೀಪು ನಿಂತಿತು.

ಅಧಿಕಾರಿ ಇನ್ನೂ ಎಳೆಯ. ನಿದ್ದೆಗೆಟ್ಟ ಕಣ್ಣು, ನಯವಾದ ಮಾತು. ಮರದ ನೆರಳಿನಲ್ಲಿ ಅವನಿಗಾಗಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು, ಚಹಾ ಇಟ್ಟಿದ್ದರು. ಅವನು ಮೊದಲು ಕೆಲಸ ಎಂದು ಸಾಲಿಗೆ ನಡೆದ. ಅವನ ಜವಾನ ಕಬ್ಬಿಣದ ಚೌಕವನ್ನು ನೆಲಕ್ಕೆ ಹಾಕಿ ಅಗೆದ. ಕಳೆ ಕೀಳಲು ಬಂದ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು. ಧಣಿಯ ಮುಖ ಬಿಳಿಚಿತ್ತು.

ಜವಾನ ಕಡ್ಡಿಯಿಂದ ಮಣ್ಣು ಬಿಡಿಸಿ ಸತ್ತ ಹುಳಗಳನ್ನು ಒಂದು ಬದಿಗೆ ಸರಿಸಿದ.

“ಹನ್ನೆರಡು ಸಾರ್.”

ಅಧಿಕಾರಿ ಹಾಳೆಯಲ್ಲಿ ಬರೆದುಕೊಂಡ.

ಹುಳದಕ್ಕ ಬದುವಿನಿಂದ ಇಳಿದಳು. “ಸ್ವಾಮೀ, ಅವು ಸತ್ತಿವೆ.”

“ಗೊತ್ತಾಯ್ತಮ್ಮ.”

“ನಿನ್ನೆ ನಾನೇ ತಂದು ಬಿಟ್ಟಿದ್ದು, ಚರಂಡಿ ಪಕ್ಕದ ತುಂಡಿಂದ. ಈ ಮಣ್ಣಿಗೆ ಬಿಟ್ಟಿದ್ದಕ್ಕೇ ಸತ್ತಿದ್ದು. ನೋಡಿ, ಎಲ್ಲಾ ಕಡೆ ಬಿದ್ದಿವೆ.”

ಅಧಿಕಾರಿ ಸಾಲುಗಳನ್ನು ನೋಡಿದ. ನೋಡಲಿಲ್ಲ ಎನ್ನುವಂತಿಲ್ಲ, ಕೊನೆಯ ಸಾಲಿನವರೆಗೂ ನೋಡಿದ. ಆಮೇಲೆ ಧಣಿಯನ್ನು ನೋಡಿದ, ಗುಡ್ಡದವರೆಗಿನ ಭೂಮಿ ನೋಡಿದ. ಹಾಳೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ, ಅವಳಿಗೆ ಓದಲು ಬರುತ್ತದೆಂಬಂತೆ.

“ಇಲ್ಲಿ ಎಷ್ಟು ಹುಳ ಅಂತ ಮಾತ್ರ ಕೇಳಿದಾರಮ್ಮ. ಬದುಕಿದ್ದು ಎಷ್ಟು, ಸತ್ತಿದ್ದು ಎಷ್ಟು ಅಂತ ಕೇಳಿಲ್ಲ. ಚೌಕಕ್ಕೆ ಹತ್ತು ಇದ್ರೆ ಸಾಕು. ಹನ್ನೆರಡು ಇದೆಯಲ್ಲ.”

ಧಣಿಗೆ ಉಸಿರು ಬಂತು. ನಗುವೂ ಬಂತು. “ಹಳ್ಳಿ ಹೆಂಗಸು ಸಾರ್, ತಲೆ ಸರಿಯಿಲ್ಲ. ಬನ್ನಿ, ಚಹಾ ಆರುತ್ತೆ.”

ಅವರು ಮೇಜಿನ ಕಡೆ ನಡೆದರು. ಸಹಿ ಹಾಕಲು ಅಧಿಕಾರಿ ಫೈಲನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ. ಹುಳದಕ್ಕ ಅಗೆದ ಗುಳಿಯ ಪಕ್ಕ ಒಬ್ಬಳೇ ಉಳಿದಳು. ಸತ್ತವೂ ಸುಳ್ಳಿಗೇ ಸಾಕ್ಷಿ ಹೇಳಿದ್ದವು. ಕಾಲು ಎಕರೆ ಹೋಯಿತು, ಹುಳವೂ ಹೋದವು, ಅವುಗಳನ್ನು ಒಳಗೆ ಒತ್ತಿದ ಬೆರಳು ತನ್ನದೇ. ಅವಳು ಬಗ್ಗಿದಳು. ಸಾಲಿನಲ್ಲಿ ಬಿದ್ದಿದ್ದ ಒಂದು ಹುಳವನ್ನು ಎತ್ತಿ, ಇರುವೆ ಊದಿ, ಮೇಜಿನವರೆಗೆ ನಡೆದು ಬಿಳಿ ಬಟ್ಟೆಯ ಮೇಲೆ ಇಟ್ಟಳು.

“ಹದಿಮೂರು,” ಎಂದಳು.

ಅಧಿಕಾರಿಯ ಪೆನ್ನು ನಿಂತಿತು. “ಸಾಕಮ್ಮ. ಹತ್ತೇ ಸಾಕು.”

ಅವಳು ಹಿಂದಕ್ಕೆ ಹೋಗಿ ಇನ್ನೊಂದನ್ನು ತಂದಳು. “ಹದಿನಾಲ್ಕು.”

“ಏಯ್, ಎಳ್ಕೊಂಡು ಹೋಗೋ ಇವಳನ್ನ,” ಎಂದ ಧಣಿ. ಗುಮಾಸ್ತ ಅವಳ ರಟ್ಟೆ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಅವನನ್ನೂ ಎಳೆದುಕೊಂಡೇ ಸಾಲಿಗೆ ಹೋದಳು. ಹದಿನೈದು ಎಂದಾಗ ಬದುವಿನ ಮೇಲಿದ್ದ ಒಬ್ಬಳು ಇಳಿದಳು. ಆಮೇಲೆ ಇನ್ನೊಬ್ಬಳು. ಕಳೆ ಕೀಳುವಾಗ ಹೇಗೋ ಹಾಗೇ, ಆಳಿಗೊಂದು ಸಾಲು ಹಿಡಿದು, ಕುಕ್ಕರುಗಾಲಿನಲ್ಲಿ ಮುಂದೆ ಸರಿಯುತ್ತ ಹೆಕ್ಕತೊಡಗಿದರು. ಹಿಡಿ ತುಂಬಿದವರು ಮೇಜಿಗೆ ಬಂದು ಒಂದೊಂದಾಗಿ ಸಾಲಾಗಿ ಇಟ್ಟರು. ಗುಮಾಸ್ತನಿಗೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿಲ್ಲ.

ಇಪ್ಪತ್ತಕ್ಕೆ ಬಂದು ಹುಳದಕ್ಕ ತಡವರಿಸಿದಳು. ಅದರಾಚೆಯ ಎಣಿಕೆ ಅವಳಿಗೆ ಬರುತ್ತಿರಲಿಲ್ಲ. ವಾರಗಿತ್ತಿ ಹಿಂದಿನಿಂದ ಇಪ್ಪತ್ತೊಂದು ಎಂದಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಚಹಾದ ಬಟ್ಟಲ ಸುತ್ತ ಹುಳ ಬಂದವು. ಫೈಲಿನ ಅಂಚಿಗೆ ಬಂದವು. ಅಧಿಕಾರಿ ಫೈಲನ್ನು ಎತ್ತಿ ಎದೆಗೆ ಒತ್ತಿಕೊಂಡು ಎದ್ದು ನಿಂತ. ಸಹಿ ಹಾಕಿದ್ದನೋ ಇಲ್ಲವೋ ಯಾರಿಗೂ ಕಾಣಲಿಲ್ಲ.

“ಆ ತುಂಡು ಇವತ್ತೇ ಖಾಲಿ ಮಾಡು, ಸೂಳೆ,” ಎಂದು ಧಣಿ ಕಿರುಚಿದ. “ನಿಮಗ್ಯಾರಿಗೂ ನಾಳೆಯಿಂದ ಕೆಲಸ ಇಲ್ಲ. ಒಬ್ಬಳಿಗೂ ಇಲ್ಲ. ಕೇಳಿಸ್ತೇನ್ರೇ?”

ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಹುಳದಕ್ಕ ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಅವನೆದುರೇ ನಿಂತು, ಬಟ್ಟೆಯ ಮೇಲೆ ಇನ್ನುಳಿದಿದ್ದ ಬಿಳಿ ಜಾಗ ಹುಡುಕಿ ಇಟ್ಟಳು.

“ನೂರಾ ನಾಲ್ಕು,” ಎಂದಳು ವಾರಗಿತ್ತಿ.